ಸುರಾಹಿಯ ಬೆನ್ನು

ಅಡುಗೆಮನೆಯ ಎತ್ತರದ ಹಲಗೆಗಳಿಗೆ ಹಾಸಿದ ಪೇಪರು ಬದಲಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಎಂ.ಎ. ಮಾಡಿದ್ದಕ್ಕಲ್ಲ, ಆರಡಿ ಇರುವುದಕ್ಕೆ. ಕಳೆದ ಭಾನುವಾರ ಉಪ್ಪಿನಕಾಯಿ ಭರಣಿಯ ಅಡಿಯಿಂದ ಎಳೆದ ಹಾಳೆಯಲ್ಲಿ, ಎಣ್ಣೆಯ ದುಂಡು ಕಲೆಯ ನಡುವೆ, ನನ್ನ ಮೊಣಕೈ ಸಿಕ್ಕಿತು.

ಅದು ಕೆಲವು ವರ್ಷಗಳ ಹಿಂದಿನ ಮೆರವಣಿಗೆಯೊಂದರ ಫೋಟೊ. ಟ್ರ್ಯಾಕ್ಟರಿನ ಹಿಂದಿನ ಟ್ರಾಲಿಯ ಮೇಲೆ ಏನೋ ಒಂದು ಕರ್ರಗೆ, ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿದೆ. ಅದಕ್ಕೆ ಕಟ್ಟಿದ ಹಗ್ಗ ಹಿಡಿದ ಒಂದು ಕೈ ಚಿತ್ರದ ಅಂಚಿನಿಂದ ಒಳಗೆ ಬಂದಿದೆ. ಕೈ ನನ್ನದು, ಉಳಿದ ನನ್ನನ್ನು ಪೇಪರಿನವರು ಕತ್ತರಿಸಿದ್ದರು. ಕೆಳಗೆ ಹೀಗೆ ಅಚ್ಚಾಗಿತ್ತು: ‘ರಾಜ್ಯೋತ್ಸವ ಮೆರವಣಿಗೆಯಲ್ಲಿ ಗಮನ ಸೆಳೆದ ಅಡುಗೆ ಅನಿಲ ಸುರಕ್ಷತಾ ಜಾಗೃತಿಯ ಸ್ತಬ್ಧಚಿತ್ರ.’

ಅದು ಗ್ಯಾಸ್ ಸಿಲಿಂಡರ್ ಅಲ್ಲ. ಬಿದರಿ ಸುರಾಹಿ. ಉದ್ದ ಕತ್ತಿನ ಹೂಜಿ, ಹನ್ನೊಂದು ಅಡಿ ಎತ್ತರದ್ದು. ಮೈಮೇಲೆ ಬಿಳಿ ಸೇವಂತಿಗೆಯ ಬಳ್ಳಿ ಇತ್ತು. ಇತ್ತು ಎಂದು ನನ್ನ ನೆನಪು.

"ಇಳೀರಿ ಕೆಳಗ. ಹಳೇ ಪೇಪರ್ ತೆಗೀರಿ ಅಂದ್ರ ಓದ್ಕೋತ ನಿಂತೀರಿ," ಎಂದಳು ಹೆಂಡತಿ, ಕುರ್ಚಿ ಹಿಡಿದುಕೊಂಡು.

"ನಮ್ಮ ಸುರಾಹಿ ಫೋಟೊ ಅದ ಇದರಾಗ."

"ಯಾವ ಸುರಾಹಿ? ಆ ಕರಿ ಹಂಡೇನಾ?"

"ಹಂಡೆ ಅಲ್ಲ ಅದು. ಮೈತುಂಬ ಹೂವ ಇತ್ತು."

"ಟ್ರಾಲಿಗಿ ಚೆಂಡ್ ಹೂವ ಕಟ್ಟಿದ್ರಿ, ಅದ್ ಖರೆ. ಹಂಡೇಕ ಒಂದ್ ಹೂವ ಸೈತ ಇದ್ದಿದ್ದಿಲ್ಲ. ನಾ ಕಣ್ಣಾರೆ ನೋಡೇನಲ್ರೀ."

ಅವಳು ಅಂದು ಅತಿಥಿಗಳ ವೇದಿಕೆಯ ಪಕ್ಕದಲ್ಲಿ, ಎಂದರೆ ರಸ್ತೆಯ ಎಡಗಡೆ ನಿಂತಿದ್ದಳು. ಅವಳು ನೋಡಿದ್ದು ನಿಜ. ನಾನು ಹೇಳುತ್ತಿರುವುದೂ ನಿಜ ಎಂದು ಸಾಧಿಸಲು ಮಾತ್ರ ನನ್ನ ಬಳಿ ಏನೂ ಇಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬನೇ ಹೇಳಿದ್ದನ್ನು ನಂಬಬೇಡಿ, ಹೇಳುವವನಿಗೆ ತನ್ನ ಮೇಲೆ ಪ್ರೀತಿ ಇದ್ದರಂತೂ ನಂಬಲೇಬೇಡಿ ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಹಾಗಾಗಿ ನನ್ನ ಆತ್ಮಕಥೆ ಬರೆಯುವ ಯೋಗ್ಯತೆ ನನಗಿಲ್ಲ.

ಈ ಕಾಯಿಲೆ ಹಳೆಯದು. ನಾನು ಭಾಲ್ಕಿಯಲ್ಲಿ ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯ ಮೆರವಣಿಗೆಯಲ್ಲಿ ಎತ್ತಿನ ಗಾಡಿಯ ಮೇಲೆ ಸೈನಿಕನಾಗಿ ನಿಂತಿದ್ದೆ. ಮೂಗಿನ ಕೆಳಗೆ ಕಾಡಿಗೆಯ ಮೀಸೆ ಬರೆದಿದ್ದರು. ಬಿಸಿಲಿಗೆ ಅದು ಕರಗಿ ತುಟಿಗೆ ಬಂದದ್ದು, ನೆಕ್ಕಿದಾಗ ಹರಳೆಣ್ಣೆಯ ರುಚಿ ಇದ್ದದ್ದು, ಎಡಗಡೆಯ ಎತ್ತು ಸೀನಿದಾಗ ನನ್ನ ಮರದ ಬಂದೂಕು ಕೆಳಗೆ ಬಿದ್ದದ್ದು ಎಲ್ಲ ನನಗೆ ನಿನ್ನೆಯಂತೆ ನೆನಪಿದೆ. ನಮ್ಮ ಅಣ್ಣನಿಗೂ ಹಾಗೇ ನೆನಪಿದೆ. ಆದರೆ ಅವನ ನೆನಪಿನಲ್ಲಿ ಸೈನಿಕ ಅವನು, ನಾನು ಕೆಳಗೆ ಅಳುತ್ತಿದ್ದೆ. ಕಡೆಗೆ ಅವ್ವನನ್ನು ಕೇಳಿದೆವು. ಅವ್ವ ಸೊಪ್ಪು ಸೋಸುತ್ತಲೇ, "ನಿಮ್ಮಿಬ್ಬರನ್ನ ಯಾವ ಮಾಸ್ತರ್ ಗಾಡಿ ಹತ್ತಿಸ್ತಾನ? ಅಂವ ಬಾಜೂ ಮನಿ ಪ್ರಕಾಶ," ಎಂದಳು. ಹರಳೆಣ್ಣೆಯ ರುಚಿ ಮಾತ್ರ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ.

ಸುರಾಹಿಗೆ ಬರುತ್ತೇನೆ.

ಬೀದರಿನ ಕೋಟೆಯ ಕಂದಕದ ಗುಂಟ ಬೆಳಿಗ್ಗೆ ನಡೆಯುವವರದು ಒಂದು ಬಳಗ. ಸಕ್ಕರೆ ಕಾಯಿಲೆಯೇ ನಮ್ಮ ಸಂಘದ ಸದಸ್ಯತ್ವ. ಆ ವರ್ಷ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಹೂವಿನಿಂದ ಅಲಂಕರಿಸಿದ ಸ್ತಬ್ಧಚಿತ್ರಗಳಿಗೆ ಬಹುಮಾನ ಎಂದು ಸುದ್ದಿ ಬಂತು. ನಾವೂ ಒಂದು ಮಾಡೋಣ ಎಂದು ಯಾರು ಮೊದಲು ಅಂದರೋ ಗೊತ್ತಿಲ್ಲ. ಈಗ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಕೆಲಸಕ್ಕೆ ನಿಜವಾಗಿ ಕೈ ಹಚ್ಚಿದವರು ನಾಲ್ವರು. ಒಬ್ಬ ಸಿದ್ಧಾರ್ಥ. ಭಾಲ್ಕಿಯವನೇ, ಡಿಪ್ಲೊಮಾ ಓದಿ ಬೀದರಿನಲ್ಲಿ ಗೇಟು–ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬರು ಔರಾದಿನ ಸುಶೀಲಾಬಾಯಿ, ಪ್ರಾಥಮಿಕ ಶಾಲೆಯ ಟೀಚರು. ಅವರು ಯಾರನ್ನು ನೋಡಿದರೂ ಆ ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ. ಮೂರನೆಯವರು ಖಲೀಲ್ ಉಸ್ತಾದ್, ಚೌಬಾರಾ ಹತ್ತಿರದ ಗಲ್ಲಿಯಲ್ಲಿ ತಲೆತಲಾಂತರದಿಂದ ಬಿದರಿ ಕೆಲಸ ಮಾಡಿಕೊಂಡು ಬಂದ ಮನೆಯವರು. ನಾಲ್ಕನೆಯವನು ನಾನು. ನನಗೆ ಹಗ್ಗ ಹಿಡಿಯುವ ಕೆಲಸ ಮತ್ತು, ಓದಿದವನು ಎಂಬ ಕಾರಣಕ್ಕೆ, ಎಷ್ಟು ಹೂ ಬೇಕು ಎಂದು ಅಂದಾಜು ಮಾಡುವ ಕೆಲಸ.

ಸುರಾಹಿ ಮಾಡೋಣ ಎಂದವರು ಉಸ್ತಾದರು. ಬಿದರಿ ಊರಿನಲ್ಲಿ ಬಿದರಿ ಸುರಾಹಿ; ಯಾರೂ ಯಾಕೆ ಎಂದು ಕೇಳಲಿಲ್ಲ. ಎಲ್ಲರೂ ಕೈಯೆತ್ತಿದ ಮೇಲೆ ಒಂದು ಸಣ್ಣ ಅಡಚಣೆ ಕಂಡಿತು. ಬಿದರಿ ಎಂದರೆ ಕರಿ ಲೋಹದಲ್ಲಿ ಕೂರಿಸಿದ ಬೆಳ್ಳಿ. ಬೆಳ್ಳಿಯ ಜಾಗಕ್ಕೆ ಬಿಳಿ ಸೇವಂತಿಗೆ ಆಯಿತು. ಕರಿಗೆ ಏನು? ಕರಿ ಹೂವು ನಮ್ಮ ಜಿಲ್ಲೆಯಲ್ಲಿ ಇಲ್ಲ. ಈ ಪ್ರಶ್ನೆ ಹೊತ್ತುಕೊಂಡು ಮೂರು ದಿನ ಕಂದಕದ ಗುಂಟ ನಡೆದೆವು. ಒಬ್ಬರು ಚೆಂಡು ಹೂವಿಗೆ ಬೂಟ್ ಪಾಲಿಶ್ ಹಚ್ಚೋಣ ಎಂದರು. ಅವರು ನಿವೃತ್ತ ಪೊಲೀಸರು.

"ಉದ್ದು ಅದ ಅಲ್ರೀ!" ಎಂದರು ನಾಲ್ಕನೆಯ ದಿನ ಸುಶೀಲಾಬಾಯಿ. "ನಮ್ಮ ಔರಾದ ಕಡಿ ಉದ್ದಿಗೇನ್ ಬರ ಅದನ? ಸಿಪ್ಪಿ ಇದ್ದ ಕಾಳ ತಂದ್ ಮೆತ್ತಿದ್ರ ನಿಮ್ಮ ಬಿದರಿಕಿಂತ ಕರ್ರಗ ಕಾಣ್ತದ."

ಉಸ್ತಾದರು ಮರುದಿನ ಅವರು ತಂದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, ಒಂದು ಹನಿ ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ತಿಕ್ಕಿ ಬಿಸಿಲಿಗೆ ಹಿಡಿದರು. "ಚಮಕ್ ಅದ," ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಉದ್ದು ಎಂದರೆ ನನಗೆ ಈಗಲೂ ಬೆನ್ನು ನೋಯುತ್ತದೆ. ಚಿಕ್ಕವನಿದ್ದಾಗ ಅವ್ವ ಒಂದು ಮೊರ ಉದ್ದು ಕೊಟ್ಟು ಕಲ್ಲು ಆರಿಸಲು ಕೂರಿಸುತ್ತಿದ್ದಳು. ಕಲ್ಲೂ ಕರಿ, ಕಾಳೂ ಕರಿ, ನಮ್ಮ ಮನೆಯ ನೆಲವೂ ಕರಿ. ಒಂದು ಸಲ ಮೊರ ಮಗುಚಿ ಕೆಡವಿದ್ದಕ್ಕೆ ಇಡೀ ಮಧ್ಯಾಹ್ನ ಬಗ್ಗಿ ಆರಿಸಿದ್ದೆ. ಅಣ್ಣ ಇದನ್ನೂ ತನ್ನದು ಎನ್ನುತ್ತಾನೆ. ಕೊಟ್ಟುಬಿಟ್ಟಿದ್ದೇನೆ.

ಸಿದ್ಧಾರ್ಥ ತನ್ನ ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ಕಬ್ಬಿಣದ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ ಸುರಾಹಿಯ ಅಸ್ಥಿಪಂಜರ ಮಾಡಿದ. ಅದರ ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ಗೋಣಿತಟ್ಟು. ತಟ್ಟಿನ ಮೇಲೆ ಉಸ್ತಾದರು ಏಣಿ ಹತ್ತಿ ಸೀಮೆಸುಣ್ಣದಲ್ಲಿ ಸುತ್ತಲೂ ಬಳ್ಳಿ ಬರೆದರು. ಅಳತೆಗೋಲು ಮುಟ್ಟಲಿಲ್ಲ. ಬಳ್ಳಿಯ ನಡುವಿನ ಜಾಗಕ್ಕೆ ಎರಡು ದಿನ ಮೈದಾ ಅಂಟಿನಲ್ಲಿ ಉದ್ದು ಮೆತ್ತಿದೆವು. ಗುಬ್ಬಿಗಳು ನಮ್ಮ ಕಡೆ ಕಾಣೆಯಾಗಿವೆ ಎಂದು ನಾನು ಒಂದು ಲೇಖನ ಬರೆದಿದ್ದೆ. ಅಷ್ಟೂ ಗುಬ್ಬಿಗಳು ಆ ಎರಡು ದಿನ ಸಿದ್ಧಾರ್ಥನ ಚಪ್ಪರದಲ್ಲಿದ್ದವು.

ನನ್ನ ಅಂದಾಜು ಹೀಗಿತ್ತು: ಉಸ್ತಾದರು ಮೊದಲು ಕಾಗದದ ಮೇಲೆ ಬರೆದು ತೋರಿಸಿದ ಸುರಾಹಿಯ ಚಿತ್ರವನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಬಿಳಿ ಬೀಳುವ ಚೌಕಗಳನ್ನು ಎಣಿಸಿದೆ. ಒಂದು ಚೌಕಕ್ಕೆ ಎಷ್ಟು ಸೇವಂತಿಗೆ ಎಂದು ಹೊಲಿದು ನೋಡಿ ಗುಣಿಸಿದೆ. ಬಾಡುವವು, ಮುರಿಯುವವು ಎಂದು ನೂರಕ್ಕೆ ಹತ್ತು ಸೇರಿಸಿದೆ. ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಒಂದೇ ಒಂದು ಗುಣಾಕಾರದ ತಪ್ಪಿಲ್ಲ.

ಮೆರವಣಿಗೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ನಡಿಗೆ ಮುಗಿಸಿ ಕಂದಕದ ಕಟ್ಟೆಯ ಮೇಲೆ ಕುಳಿತಿದ್ದಾಗ ಉಸ್ತಾದರು ನನ್ನ ಪಕ್ಕಕ್ಕೆ ಸರಿದರು.

"ಸರ್, ವೇದಿಕಿ ಎಲ್ಲಿ ಹಾಕ್ತಾರ ನಿಮಗ ಗೊತ್ತದಲ್ರಿ? ನಮ್ಮ ಮನಿ ಎದುರಿಗೇ. ಅವ್ರು ಎಡಕ, ನಾವ್ ಬಲಕ. ನಮ್ಮ ಮಾಳಗಿ ಕಿಡಕಿ ರೋಡಿಗೇ ಅದ."

"ಭೇಷ್ ಆಯ್ತು. ಮನಿಯವ್ರು ಕೂತಲ್ಲೇ ನೋಡ್ತಾರ."

"ಅದೇ ಹೇಳ್ಲಿಕ್ಕ ಬಂದೆ," ಎಂದರು ಅವರು.

ಅವರ ಹೆಂಡತಿ ಜುಬೇದಾ ಬೀ. ಉಸ್ತಾದರು ಲೋಹದ ಮೇಲೆ ನಕ್ಷೆ ಕೊರೆದರೆ, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಿದ್ದವರು ಅವರು. ಮದುವೆಯಾಗಿ ಬಂದ ವರ್ಷದಿಂದ ಅದೇ ಕೆಲಸ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು.

"ಹತ್ರಿಂದು ಏನೂ ಕಾಣಂಗಿಲ್ರಿ. ದೂರಿಂದು, ದೊಡ್ಡದಿದ್ರ, ಸ್ವಲ್ಪ ಕಾಣ್ತದ. ಅದೂ ದಿನಾ ಕಮ್ಮಿ ಆಗ್ಲತ್ತದ. ಡಾಕ್ಟರ್ ಬಾಯಿ ಬಿಟ್ಟ್ ಹೇಳ್ಯಾರ, ಇದೂ ಭಾಳ ದಿನ ಇರಂಗಿಲ್ಲಂತ. ಆಕಿ ಕೆಲಸ ಬಿಟ್ಟ ಮ್ಯಾಲ ನಾ ಒಂದ್ ಹೊಸಾ ಬಳ್ಳಿ ತೆಗದೇನ್ರಿ. ನನ್ನ ಜಿಂದಗಿನ್ಯಾಗ ಅಂಥಾದ್ ತೆಗದಿದ್ದಿಲ್ಲ. ಒಂದ್ ಸಣ್ಣ ಡಬ್ಬಿ ಮ್ಯಾಲ ಮಾಡಿ ಆಕಿ ಕೈಯಾಗ ಕೊಟ್ಟೆ. ಬೆರಳ್ ಆಡ್ಸಿ ನೋಡಿದಳು. ‘ಅಚ್ಛಾ ಹೈ’ ಅಂದಳು."

"ಮತ್ತೇನ್ರಿ? ಛೊಲೊ ಅದ ಅಂದಾರಲ್ಲ."

"ಸರ್, ನಾ ಹೊತ್ತಿಸಿದ ಖಿಚಡಿಗೂ ಆಕಿ ‘ಅಚ್ಛಾ ಹೈ’ ಅಂತಾಳ್ರಿ."

ಸುರಾಹಿಯ ಮೇಲೆ ಬರೆದದ್ದು ಆ ಬಳ್ಳಿ. ಹನ್ನೊಂದು ಅಡಿ ಎತ್ತರ, ರಸ್ತೆಯಿಂದ ಮಾಳಿಗೆಯ ಕಿಟಕಿಯಷ್ಟು ದೂರ. ಆ ಕಣ್ಣಿಗೆ ಎಟಕುವ ಅಳತೆ ಅದೊಂದೇ. ಅದೂ ಆ ವರ್ಷ ಮಾತ್ರ.

ಮೆರವಣಿಗೆಯ ದಿನ ಬೆಳಿಗ್ಗೆ ಹಲಬರ್ಗಾದ ರೈತನೊಬ್ಬನ ಹೊಲದಿಂದ ಸೇವಂತಿಗೆಯ ಬುಟ್ಟಿಗಳು ಬಂದವು. ಮೆರವಣಿಗೆ ನಾಲ್ಕು ಗಂಟೆಗೆ. ದಬ್ಬಣ, ಸುತಳಿ ಹಿಡಿದು ಬಳಗದವರೆಲ್ಲ ಕೂತೆವು. ಸುಶೀಲಾಬಾಯಿ ನಮ್ಮನ್ನು ಸಾಲಾಗಿ ಹಂಚಿದರು. ಮಾತಾಡಿದವರ ಜಾಗ ಬದಲಿಸಿದರು. ಎಲ್ಲಿಂದ ಶುರು ಮಾಡುವುದು ಎಂದಾಗ ಉಸ್ತಾದರು ಟ್ರಾಲಿಯ ಆಚೆ ಬದಿಗೆ, ಎಂದರೆ ವೇದಿಕೆಗೆ ಕಾಣದ ಬಲಮಗ್ಗುಲಿಗೆ, ನಡೆದರು.

"ಮೊದಲ ಬೆನ್ನ, ಆಮ್ಯಾಲ ಮಾರಿ. ನಮ್ಮ ಅಬ್ಬಾ ಹಂಗೇ ಕಲಿಸ್ಯಾರ. ಶುರೂನ್ಯಾಗ ಕೈಗಿ ಇನ್ನಾ ನಿದ್ದಿ ಇರ್ತದ. ಬೆನ್ನ ಮುಗಿಯೋದ್ರಾಗ ಎಚ್ಚರ ಆಗ್ತದ."

ಕೈಯಲ್ಲಿ ಹಿಡಿಯುವ ಹೂಜಿಗೆ ಒಳ್ಳೆಯ ಪದ್ಧತಿ. ನಾವು ಬೆನ್ನಿನಿಂದ ಶುರು ಮಾಡಿದೆವು. ಉಸ್ತಾದರು ಒಂದೊಂದು ಎಸಳಿನ ಎದುರೂ ನಿಂತು, ಹೂವು ಒತ್ತೊತ್ತಾಗಿ ಕೂತಿಲ್ಲದಿದ್ದರೆ ಬಿಚ್ಚಿಸಿದರು. ಹನ್ನೆರಡರ ಸುಮಾರಿಗೆ ಬೆನ್ನು ಮುಗಿಯಿತು. ಬಿಸಿಲಿಗೆ ಬಂದು ದೂರದಿಂದ ನೋಡಿದೆವು. ಕರಿಯ ಮೇಲೆ ಬಿಳಿಯ ಬಳ್ಳಿ, ಹೊಟ್ಟೆಯ ಕೆಳಗಿನಿಂದ ಎದ್ದು ಕತ್ತಿನವರೆಗೆ. ಹಾಗೆ ಇತ್ತು ಎಂದು ಬರೆಯುತ್ತಿದ್ದೇನೆ. ಹಾಗೆ ಇತ್ತೇ ಎಂದು ಕೇಳಬೇಡಿ.

ಮೊದಲು ಎಚ್ಚೆತ್ತವರು ಸುಶೀಲಾಬಾಯಿ. "ಸರ್, ಬುಟ್ಟಿ ಖಾಲಿ ಆದ್ವು. ಉಳಿದ್ ಬುಟ್ಟಿ ಎಲ್ಲಿಟ್ಟೀರಿ?"

"ಇಷ್ಟೇ ರೀ."

"ಇಷ್ಟೇ ಅಂದ್ರ? ಮಾರಿಗಿ?"

ನಾನು ಕಿಸೆಯಿಂದ ಗ್ರಾಫ್ ಹಾಳೆ ತೆಗೆದೆ. ಎಲ್ಲರೂ ಸುತ್ತ ನಿಂತು ನೋಡಿದರು. ಹಾಳೆಯ ಮೇಲೆ ಸುರಾಹಿ ಇತ್ತು. ಹಾಳೆಯ ಮೇಲಿನ ಸುರಾಹಿಗೆ ಬೆನ್ನು ಇರಲಿಲ್ಲ.

"ಸುರಾಹಿ ದುಂಡಗ ಇರ್ತದ ಅಂತ ಯೂನಿವರ್ಸಿಟಿನ್ಯಾಗ ಯಾರೂ ಹೇಳಿದ್ದಿಲ್ಲೇನ್ರೀ ನಿಮಗ?" ಎಂದರು ಸುಶೀಲಾಬಾಯಿ. ನಾನು ನೆಟ್ಟಗೆ ನಿಂತೆ.

ಸಿದ್ಧಾರ್ಥ ಹಲಬರ್ಗಾಕ್ಕೆ ಫೋನು ಹಚ್ಚಿದ. ಹೊಲದಲ್ಲಿ ಇನ್ನು ಎಲೆಯಷ್ಟೇ ಉಳಿದಿದೆ ಎಂದ ರೈತ. ಮಾರುಕಟ್ಟೆಗೆ ಹೋದವರು ಬರಿಗೈಯಲ್ಲಿ ಬಂದರು. ಎಲ್ಲಿ ನೋಡಿದರೂ ಕೇಸರಿ ಚೆಂಡು ಹೂವು, ಬಿಳಿಯದು ಇಲ್ಲ. ಮುಖಕ್ಕೆ ಚೆಂಡು ಹೂವೇ ಹಚ್ಚೋಣ ಎಂದು ನಾನು ಅಂದೆ. ಉಸ್ತಾದರು ನನ್ನನ್ನು ಕರುಣೆಯಿಂದ ನೋಡಿ, "ಚಾಂದಿ ಕೇಸರಿ ಇರ್ತದೇನ್ರಿ ಸರ್?" ಎಂದರು. ಹತ್ತಿ ಹಚ್ಚೋಣ ಎಂದರು ನಿವೃತ್ತ ಪೊಲೀಸರು. ಪಟ್ಟಿ ಕಟ್ಟಿದ ಸುರಾಹಿಯನ್ನು ಎಲ್ಲರೂ ಮನಸ್ಸಿನಲ್ಲಿ ನೋಡಿ, ಬೇಡವೆಂದರು.

"ಇದಕ್ಯಾಕ ಇಷ್ಟ್ ತಲಿಬ್ಯಾನಿ?" ಎಂದ ಸಿದ್ಧಾರ್ಥ. "ಸುರಾಹಿ ನಾಕ್ ನಟ್ಟಿನ ಮ್ಯಾಲ ನಿಂತದ. ಬಿಚ್ಚಿ ತಿರುಗ್ಸಿದ್ರ ಬೆನ್ನೇ ಮಾರಿ ಆಯ್ತು. ಹತ್ತ ಮಿನಿಟಿನ ಕೆಲಸ."

ಎಲ್ಲರಿಗೂ ಜೀವ ಬಂತು. ವೇದಿಕೆಯ ಮೇಲೆ ಬಹುಮಾನ ಕೊಡುವವರು ಕೂತಿರುತ್ತಾರೆ. ಭಾಲ್ಕಿಯಿಂದ ಸಿದ್ಧಾರ್ಥನ ಬೀಗರು, ಔರಾದಿನಿಂದ ಸುಶೀಲಾಬಾಯಿಯ ಅಕ್ಕನ ಮನೆಯವರು ಎಲ್ಲ ವೇದಿಕೆಯ ಬದಿಗೇ ನಿಲ್ಲುತ್ತಾರೆ. ನನ್ನ ಹೆಂಡತಿಯೂ. ಬಲಗಡೆ ಯಾರಿರುತ್ತಾರೆ? ಕೆಲವು ಅಂಗಡಿ, ಒಂದು ಮಾಳಿಗೆಯ ಕಿಟಕಿ.

ಉಸ್ತಾದರು ನನ್ನ ಕಡೆ ನೋಡಲಿಲ್ಲ. "ತಿರುಗ್ಸ್ರಿ," ಎಂದರು. "ದೊಡ್ಡೋರ್ ಬರ್ತಾರ. ತಿರುಗಿಸೋದೇ ಖರೆ." ಹೇಳಿ, ಅಂಟಿನ ಬೋಗುಣಿ ತೆಗೆದುಕೊಂಡು, ಖಾಲಿ ಉಳಿದ ಮುಖದ ಮೇಲೆ ತಾವೇ ಬರೆದಿದ್ದ ಬಳ್ಳಿಯ ಗೆರೆಗಳ ಮೇಲೆ ಉದ್ದು ಮೆತ್ತತೊಡಗಿದರು. ಒಂದು ಎಸಳು ಮುಚ್ಚಿತು. ಇನ್ನೊಂದು ಮುಚ್ಚಿತು.

ಇಲ್ಲಿಂದ ಮುಂದೆ ನನ್ನನ್ನು ನಂಬುವ ಅಗತ್ಯವಿಲ್ಲ.

ನನ್ನ ನೆನಪಿನಲ್ಲಿ ನಾನು ಟ್ರಾಲಿಯ ಮೇಲೆ ಹತ್ತಿ, ಕಟ್ಟೆಯ ಮೇಲೆ ಉಸ್ತಾದರು ಹೇಳಿದ್ದನ್ನೆಲ್ಲ ಎಲ್ಲರಿಗೂ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ. ಕೇಳಿದವರು ತಲೆ ತಗ್ಗಿಸಿದರು, ಸಿದ್ಧಾರ್ಥ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ನಾನು ಅಷ್ಟು ಚೆನ್ನಾಗಿ ಮಾತಾಡಿದ್ದೇನೆ ಎಂಬುದರಿಂದಲೇ ನನಗೆ ಅನುಮಾನ. ಕ್ಲಾಸಿನಲ್ಲಿ ನಾನು ಎಂದೂ ಹಾಗೆ ಮಾತಾಡಿದ್ದಿಲ್ಲ.

ಸಿದ್ಧಾರ್ಥನನ್ನು ಕೇಳಿದರೆ, "ನೀವ್ ಏನೂ ಮಾತಾಡಿಲ್ರಿ ಸರ್. ಬುಟ್ಟಿ ಹಿಡ್ಕೊಂಡ್ ಮಾರಿ ಸಣ್ಣ ಮಾಡ್ಕೊಂಡ್ ಕೂತಿದ್ರಿ. ಮೈದಾ ಅಂಟ ನಟ್ಟಿನ ಮ್ಯಾಲ ಸೋರಿ ಒಣಗಿ ಸಿಮಿಟ್ ಆಗಿತ್ತು. ತಿರುಗ್ಲಿಲ್ಲ, ಬಿಟ್ಟೆ," ಎನ್ನುತ್ತಾನೆ.

ಸುಶೀಲಾಬಾಯಿಯವರನ್ನು ಕೇಳಿದರೆ ಅವರು ನಗುತ್ತಾರೆ. "ಅಂಟ ಅಂತ ಅಂಟ! ಪಾನಾ ನನ್ನ ವ್ಯಾನಿಟಿ ಬ್ಯಾಗಿನ್ಯಾಗ ಇತ್ತು. ಸಂಜಿಮುಂದ ಮನಿಗಿ ಹೋಗಿ ನೋಡ್ತೇನಿ, ಊಟದ ಡಬ್ಬಿ ಬಾಜೂಕ ಪಾನಾ. ಜುಬೇದಾ ಖಾಲಾ ಕಣ್ಣಿಂದು ನನಗ ನಿಮಕಿಂತ ಮೊದಲೇ ಗೊತ್ತಿತ್ರಿ. ಗಂ‌ಡಸ್ರು ಕಟ್ಟಿ ಮ್ಯಾಲ ಕೂತ್ ಹೇಳೋತನಕ ಕಾಯ್ಕೋತ ಕೂಡ್ಬೇಕೇನ್ರಿ?"

ಮೂರು ಹೇಳಿಕೆಗಳೂ ಒಂದು ವಿಷಯದಲ್ಲಿ ಕೂಡುತ್ತವೆ. ಸುರಾಹಿ ತಿರುಗಲಿಲ್ಲ.

ಮೆರವಣಿಗೆ ಕೋಟೆಯ ಕಡೆಯಿಂದ ಹೊರಟಿತು. ನನಗೆ ಎಡಗಡೆಯ ಹಗ್ಗ. ಹಾಗಾಗಿ ದಾರಿಯುದ್ದಕ್ಕೂ ನಾನು ಕಂಡದ್ದು ಜನ ಕಂಡದ್ದನ್ನೇ: ಚೆಂಡು ಹೂವಿನ ಟ್ರಾಲಿಯ ಮೇಲೆ ಒಂದು ದೊಡ್ಡ ಕರಿ ಹೊಟ್ಟೆ. ಮಕ್ಕಳು ಬೆರಳು ತೋರಿಸಿದರು. ವೇದಿಕೆಯ ಎದುರು ಬಂದಾಗ ಮೈಕು ಹಿಡಿದ ನಿರೂಪಕರು ಪಟ್ಟಿ ನೋಡಿದರು, ಸುರಾಹಿಯನ್ನು ನೋಡಿದರು, ಮತ್ತೆ ಪಟ್ಟಿ ನೋಡಿದರು. ಪಟ್ಟಿಯಲ್ಲಿ ನಮ್ಮ ಹೆಸರಿನ ಕೆಳಗೆ, ಅಂದು ಬಾರದೇ ಉಳಿದ ಗ್ಯಾಸ್ ಸುರಕ್ಷತೆಯ ಸ್ತಬ್ಧಚಿತ್ರ ಇತ್ತಂತೆ. ಅವರು ಕಣ್ಣಿಗೆ ಕಂಡದ್ದನ್ನು ನಂಬಿ, ಧೈರ್ಯವಾಗಿ ಅದನ್ನೇ ಓದಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದಿದ್ದಳು.

ಅಷ್ಟರಲ್ಲಿ ಟ್ರ್ಯಾಕ್ಟರ್ ಆಫ್ ಆಯಿತು. ಓಡಿಸುತ್ತಿದ್ದವನು ಸಿದ್ಧಾರ್ಥ. ಅದು ತಾನಾಗಿಯೇ ಆಫ್ ಆದದ್ದು ಎಂದು ಇಂದಿಗೂ ಹೇಳುತ್ತಾನೆ. ಹಿಂದಿನ ಲಾರಿಯವರು ಹಾರ್ನ್ ಹೊಡೆದರು, ಪೊಲೀಸರು ಬಂದು ಬೈದರು, ಅವನು ಇಳಿದು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದ. ನಾನು ಸುರಾಹಿಯ ಈಚೆ ಹಗ್ಗ ಹಿಡಿದು ನಿಂತಿದ್ದೆ, ಉಸ್ತಾದರು ಆಚೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರೋ ಸುರಾಹಿಯ ಕಡೆಯೋ, ನನಗೆ ಕಾಣಲಿಲ್ಲ. ಹನ್ನೊಂದು ಅಡಿ ಉದ್ದು ಅಡ್ಡ ಇತ್ತು.

ಬಹುಮಾನ ಹೂವಿನ ನವಿಲಿಗೆ ಹೋಯಿತು. ನಮ್ಮಲ್ಲಿ ನವಿಲು ಬಂದರೆ ಬಹುಮಾನ ನವಿಲಿಗೇ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಉಸ್ತಾದರನ್ನು ಕೇಳಿದೆ.

"ಮನಿಯವ್ರು ನೋಡಿದ್ರಾ?"

"ಹೌದಂತ."

"ಏನಂದ್ರು?"

"ಅಚ್ಛಾ ಥಾ, ಅಂದಳು."

ಅಂದಿನಿಂದ ಆ ಮಾತು ಉಸ್ತಾದರಿಗೆ ಅಂಟಿಕೊಂಡಿತು. ಆರು ತಿಂಗಳಿಗೊಮ್ಮೆಯಾದರೂ, ನಡುವೆ ಯಾವುದೋ ಮಾತು ನಿಲ್ಲಿಸಿ, "ಕಂಡಿತ್ತೋ, ನನ್ನ ಮನಸ್ಸಿಗಿ ಬ್ಯಾಸರ ಆಗ್ಬಾರ್ದಂತ ಅಂದಳೋ? ನೀವ್ ಓದಿದೋರು, ಇದಕ್ಕ ಏನಾರ ಪುರಾವೆ ಇರ್ತದೇನ್ರಿ ಸರ್?" ಎಂದು ಕೇಳುತ್ತಾರೆ. ಹೆಂಡತಿಯನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವರಿಗಿಲ್ಲ. ಕೇಳಿದರೆ ಅದೇ ಎರಡು ಪದ ಬರುತ್ತವೆ ಎಂಬ ಭಯ. ನಾನು ಪುರಾವೆ ಹುಡುಕಿದೆ. ಫೋನು ಇದ್ದವರೆಲ್ಲ ವೇದಿಕೆಯ ಬದಿಗಿದ್ದರು. ಬಲಗಡೆಯ ಅಂಗಡಿಯವನೊಬ್ಬ ವಿಡಿಯೊ ಮಾಡಿದ್ದ. ಅದರಲ್ಲಿ ಸುರಾಹಿ ಬರುವ ಹೊತ್ತಿಗೆ ಸರಿಯಾಗಿ ಒಂದು ಬಾವುಟ ಗಾಳಿಗೆ ಬಿಚ್ಚಿಕೊಂಡು, ಸುರಾಹಿ ಹೋದ ಮೇಲೆ ಇಳಿಯುತ್ತದೆ. ಉಳಿದದ್ದು ಗ್ಯಾಸ್ ಸಿಲಿಂಡರಿನ ಈ ಫೋಟೊ.

ಜುಬೇದಾ ಬೀ ಅವರಿಗೆ ಈಗ ಬೆಳಕು–ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತದೆ.

ಹೆಂಡತಿ ಹಲಗೆಗೆ ಹೊಸ ಪೇಪರು ಹಾಸಿಸಿಕೊಂಡು ಬಿಟ್ಟ ಮೇಲೆ, ನಾನು ಎಣ್ಣೆಯ ಹಾಳೆ ಮಡಚಿಕೊಂಡು ಉಸ್ತಾದರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಉಸ್ತಾದರು ಕೆಳಗಿನ ಕೋಣೆಯಲ್ಲಿ ಉಳಿಗೆ ಸುತ್ತಿಗೆ ಬಡಿಯುತ್ತಾ ಕೂತಿದ್ದರು. ಖಾಲಾ ಪಕ್ಕದ ಮಂಚದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಫೋಟೊದ ಅಡಿಬರಹ ಓದಿದೆ. ಉಸ್ತಾದರು ನಗಲಿಲ್ಲ. ಖಾಲಾ ನಕ್ಕರು.

"ಸಿಲಿಂಡರ್? ಯಾ ಅಲ್ಲಾ! ಆ ಕಡಿ ಮಂದಿಗಿ ಅಷ್ಟೇ ಕಂಡಿತ್ತೇನ್ ಬೇಟಾ?"

ಉಸ್ತಾದರ ಸುತ್ತಿಗೆಯ ಸದ್ದು ನಿಧಾನವಾಯಿತು.

"ನಿಮಗ ಏನ್ ಕಂಡಿತ್ತು ಖಾಲಾ?" ಎಂದೆ. ಇದನ್ನು ಕೇಳಲು ನನಗೆ ಇಷ್ಟು ವರ್ಷ ಯಾಕೆ ಬೇಕಾಯಿತೋ ತಿಳಿಯದು.

"ಬಳ್ಳಿ ಕಂಡಿತ್ತು. ತಳದಾಗ ಎರಡ್ ಕವಲ, ಹೊಟ್ಟಿ ಮ್ಯಾಲ ಕೂಡಿ, ಮತ್ ಕುತ್ತಿಗಿ ಹತ್ರ ಬಿಡ್ತದಲ್ಲ, ಅದು."

ನನ್ನೊಳಗಿನ ಮೇಷ್ಟರು ಕೂಡಲೇ ಎದ್ದು ನಿಂತರು. ಇದು ಪುರಾವೆಯಲ್ಲ. ಅದೇ ಬಳ್ಳಿ ಸಣ್ಣ ಡಬ್ಬಿಯ ಮೇಲಿತ್ತು. ಬೆರಳು ಆಡಿಸಿದವರಿಗೆ ಇಷ್ಟು ತಿಳಿಯುತ್ತದೆ. ಉಸ್ತಾದರಿಗೂ ಅದೇ ಹೊಳೆದಿರಬೇಕು. ಅವರು ತಲೆಯೆತ್ತದೆ ಉಳಿಯ ತುದಿ ನೋಡುತ್ತಿದ್ದರು.

"ಮತ್ತ ಆ ಆರ್ ಎಸಳಿಂದು," ಎಂದರು ಖಾಲಾ, ಬೆಳ್ಳುಳ್ಳಿ ಬೋಗುಣಿಗೆ ಹಾಕುತ್ತಾ.

"ಯಾವ್ದು?" ಎಂದರು ಉಸ್ತಾದರು.

"ಹೊಟ್ಟಿ ಮ್ಯಾಲ, ಎಡಕ, ಮ್ಯಾಲಿಂದ ಮೂರನೇ ಹೂವ. ನಿಮ್ಮ ಹೂವಿಗಿ ಯಾವತ್ತೂ ಐದೇ ಎಸಳ. ಆ ಒಂದಕ್ಕ ಆರಿತ್ತು."

"ಇರಂಗಿಲ್ಲ."

"ಇತ್ತು."

"ನಾ ಒಂದೊಂದ್ ಎಸಳ ನೋಡೇನಿ! ಡಬ್ಬಿ ಮ್ಯಾಲ ಐದೇ ಅವ. ತಟ್ಟಿನ ಮ್ಯಾಲ ಐದೇ ಬರದೇನಿ."

"ನೀವ್ ಐದೇ ಬರದಿರಬೇಕು. ಯಾರೋ ಆರ್ ಮಾಡ್ಯಾರ. ಟ್ರ್ಯಾಕ್ಟರ್ ನಿಂತಾಗ ನಾ ಬ್ಯಾರೆ ಏನ್ ಮಾಡ್ಲಿ ಕಿಡಕಿನ್ಯಾಗ? ಎಣಿಸ್ಕೋತ ಕೂತೆ."

ಉಸ್ತಾದರು ಸುತ್ತಿಗೆ ಕೆಳಗಿಟ್ಟರು. "ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?"

"ಆವತ್ತು ಕುಣ್ಕೋತ ಮನಿಗಿ ಬಂದ್ರಿ. ನಿಮ್ಮ ಸುರಾಹಿನ್ಯಾಗ ತಪ್ಪದ ಅಂತ ಹ್ಯಾಂಗ ಹೇಳ್ಲಿ? ಅಚ್ಛಾ ಥಾ, ಅಂದೆ. ಅಚ್ಛಾನೇ ಇತ್ತು. ಆ ಒಂದ್ ಹೂವ ಬಿಟ್ಟು."

ಉಸ್ತಾದರು ಎದ್ದು ಹೋಗಿ ಮಂಚದ ತುದಿಗೆ ಕೂತರು. ಆಮೇಲೆ ಪೊಲೀಸರ ಹಾಗೆ ಕೇಳತೊಡಗಿದರು. ಆರನೇ ಎಸಳು ಯಾವ ಕಡೆ? ಮೇಲೋ ಕೆಳಗೋ? ಉಳಿದವುಗಳಷ್ಟೇ ದಪ್ಪವೋ, ಸಣ್ಣದೋ? ಅದರ ಪಕ್ಕದ ಎಲೆ? ಖಾಲಾ ಬೆಳ್ಳುಳ್ಳಿ ಸುಲಿಯುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟರು. ಉಸ್ತಾದರ ದನಿ ಏರುತ್ತಿತ್ತು, ಕಣ್ಣು ತುಂಬಿತ್ತು, ಬೈಗುಳ ಮಾತ್ರ ನಿಲ್ಲಲಿಲ್ಲ. "ಯಾವ ಗಧಾ ಮಾಡ್ಯಾನ ಅದು? ಸುಣ್ಣದ ಗೆರಿ ಅಳಿಸಿದ್ರ ಕೇಳ್ಬೇಕಿಲ್ಲೇನು? ನನ್ನ ಬಳ್ಳಿನ್ಯಾಗ ಆರ್ ಎಸಳ!"

ಯಾರು ಮಾಡಿದ್ದು? ಅಂದು ಬೆನ್ನಿಗೆ ಹೂ ಹೊಲಿಯಲು ಹತ್ತು–ಹನ್ನೆರಡು ಜನ ಕೂತಿದ್ದೆವು. ಎಡಗಡೆ, ಹೊಟ್ಟೆಯ ಮೇಲೆ, ಮೂರನೆಯ ಹೂವಿನ ಎದುರು ಯಾರಿದ್ದರು? ಕಣ್ಣು ಮುಚ್ಚಿ ಹುಡುಕಿದೆ. ದಬ್ಬಣ ಚುಚ್ಚಿದ ಬೆರಳು ನೆನಪಾಯಿತು. ಸುಶೀಲಾಬಾಯಿ ನನ್ನ ಜಾಗ ಎರಡು ಸಲ ಬದಲಿಸಿದ್ದು ನೆನಪಾಯಿತು. ಆ ಹೂವು ಮಾತ್ರ ಎಲ್ಲೂ ಇಲ್ಲ. ಅಣ್ಣನಿದ್ದಿದ್ದರೆ ಕೇಳಬಹುದಿತ್ತು, ತಾನೇ ಹೊಲಿದದ್ದು ಎನ್ನುತ್ತಿದ್ದ.

"ನಾನೇ ರೀ ಉಸ್ತಾದ್," ಎಂದೆ.

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಖಾಲಾ ಕೂಡ ನನ್ನ ದನಿ ಬಂದ ಕಡೆ ಮುಖ ಎತ್ತಿದರು.

"ಖಾತ್ರಿ ಅದನ?" ಎಂದರು ಉಸ್ತಾದರು.

"ಖಾತ್ರಿ ಅದ," ಎಂದೆ. "ಕಣ್ಣಿಗಿ ಕಟ್ಟಿದಂಗ ನೆನಪದ."